ಮೀಟಿದ ಮೇಲಿನ ನಾದ

ಮನಸ್ಸಿಗೆ ನೆಮ್ಮದಿ ಕೊಡುವ ಸಂಗೀತ ಯಾವುದು ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಆಫೀಸಿನಿಂದ ದಣಿದು ಬಂದವರು, ರಾತ್ರಿ ನಿದ್ದೆ ಹತ್ತದವರು, ಮನೆಯಲ್ಲಿ ರೋಗಿಯ ಆರೈಕೆ ಮಾಡುತ್ತಿರುವವರು. ಅವರ ಫೋನಿನಲ್ಲಿ ಗಂಟೆಗಟ್ಟಲೆ ಹರಿಯುವ ‘ರಿಲ್ಯಾಕ್ಸಿಂಗ್ ಮ್ಯೂಸಿಕ್’ ಅದಾಗಲೇ ಇರುತ್ತದೆ. ನೀರಿನ ಸದ್ದು, ಹಕ್ಕಿಗಳ ಚಿಲಿಪಿಲಿ, ಅದರ ಹಿಂದೆ ಕೀಬೋರ್ಡಿನ ಒಂದೇ ಸಮನೆಯ ಗುಂಯ್‌ಗಾಟ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಸಂಗೀತ ತನ್ನ ಪಾಡಿಗೆ ಹರಿಯುತ್ತಿರುತ್ತದೆ, ಚಿಂತೆ ಅದರ ಪಾಡಿಗೆ. ನನ್ನ ಉತ್ತರ ಬಹಳ ವರ್ಷಗಳಿಂದ ಒಂದೇ: ವೀಣೆ ಕೇಳಿ. ಪಕ್ಕವಾದ್ಯವಿಲ್ಲದ ಒಂಟಿ ವೀಣೆ. ಅದೂ ಸಣ್ಣ ದನಿಯಲ್ಲಿ.

ಕೊಳಲು ಇಂಪಲ್ಲವೇ, ಪಿಟೀಲು ಇಂಪಲ್ಲವೇ ಎಂದು ಮರುಪ್ರಶ್ನೆ ಬರುತ್ತದೆ. ಇಂಪೇ. ಆದರೆ ಕೊಳಲಿಗೆ ಉಸಿರು ಇರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಪಿಟೀಲಿಗೆ ಕಮಾನು ನಾದವನ್ನು ಉಣಿಸುತ್ತಲೇ ಇರುತ್ತದೆ. ವೀಣೆಗೆ ಆ ಅನುಕೂಲವಿಲ್ಲ. ತಂತಿ ಮೀಟಿದ ಮರುಕ್ಷಣದಿಂದಲೇ ನಾದ ಕರಗತೊಡಗುತ್ತದೆ. ವೈಣಿಕರು ಹೇಳಬೇಕಾದದ್ದನ್ನೆಲ್ಲ ಆ ಕರಗುವಿಕೆಯೊಳಗೇ ಹೇಳಿ ಮುಗಿಸಬೇಕು.

ಒಮ್ಮೆ ವೈಣಿಕರ ಹತ್ತಿರ, ಕೈ ಕಾಣುವಷ್ಟು ಹತ್ತಿರ, ಕುಳಿತು ನೋಡಿ. ಬಲಗೈಯ ತೋರುಬೆರಳು ಸಾರಣಿ ತಂತಿಯನ್ನು ಮೀಟುತ್ತದೆ. ಮೀಟಿನ ‘ಟಣ್’ ಕೇಳಿ ಮುಗಿಯುತ್ತಲೇ ಎಡಗೈಯ ಬೆರಳುಗಳು ಆ ತಂತಿಯನ್ನು ವೀಣೆಯ ಮೆಟ್ಟಿಲ ಮೇಲೆಯೇ ಪಕ್ಕಕ್ಕೆ ಎಳೆಯುತ್ತವೆ. ತಂತಿ ಬಿಗಿಯಾದಂತೆ ಸ್ವರ ಏರುತ್ತದೆ, ಸಡಿಲವಾದಂತೆ ಇಳಿಯುತ್ತದೆ. ಒಂದೇ ಮೀಟಿನಲ್ಲಿ ಮೂರು ನಾಲ್ಕು ಸ್ವರಗಳು ಹೀಗೆ ಹುಟ್ಟುತ್ತವೆ. ಎರಡನೆಯದು ಮೊದಲನೆಯದಕ್ಕಿಂತ ಸಣ್ಣದು, ಮೂರನೆಯದು ಇನ್ನೂ ಸಣ್ಣದು. ನಾಲ್ಕನೆಯದು ಕೇಳಿಸಿತೋ, ಕೇಳಿಸಿತೆಂದು ನಮ್ಮ ಕಿವಿಯೇ ತುಂಬಿಕೊಂಡಿತೋ ಎಂಬ ಹದದಲ್ಲಿರುತ್ತದೆ. ರಾಗದ ಜೀವ ಹೆಚ್ಚಾಗಿ ಇರುವುದು ಈ ಕೊನೆಯ ಸ್ವರಗಳಲ್ಲಿ. ಸಹಾನದ ಗಾಂಧಾರವನ್ನೋ ನೀಲಾಂಬರಿಯ ನಿಷಾದವನ್ನೋ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕೊನೆಯ ಎಳೆಯನ್ನು ಹಿಡಿಯಬೇಕಾದರೆ ಕೇಳುವವರು ತಾವೇ ಮುಂದೆ ಹೋಗಬೇಕು. ಕಿವಿ ಚಾಚುತ್ತದೆ, ಮೈ ಅಲುಗುವುದು ನಿಲ್ಲುತ್ತದೆ, ಉಸಿರು ತಾನಾಗಿ ಸಣ್ಣಗಾಗುತ್ತದೆ. ತಲೆಯೊಳಗೆ ಓಡುತ್ತಿದ್ದ ಲೆಕ್ಕಾಚಾರಕ್ಕೆ ಅಷ್ಟು ಹೊತ್ತು ಜಾಗವಿರುವುದಿಲ್ಲ. ಮೆಲುದನಿಯ ಸಂಗೀತ ಶಾಂತಿ ಕೊಡುವ ಬಗೆ ಇದು ಎಂದು ನಾನು ದೃಢವಾಗಿ ನಂಬಿದ್ದೇನೆ. ಅದು ನಮ್ಮನ್ನು ಮಲಗಿಸುವುದಿಲ್ಲ, ಗಮನ ಕೊಡುವಂತೆ ಮಾಡುತ್ತದೆ. ಗಮನ ಕೂಡಿದ ಮನಸ್ಸು ಶಾಂತವಾಗುತ್ತದೆ.

ಇಷ್ಟು ಸಣ್ಣ ದನಿಯ ವಾದ್ಯಕ್ಕೆ ಇಷ್ಟು ತುಂಬುನಾದ ಹೇಗೆ ಬಂತು ಎಂಬ ಪ್ರಶ್ನೆ ಸಿ.ವಿ. ರಾಮನ್ ಅವರನ್ನೂ ಕಾಡಿತ್ತು. ನೊಬೆಲ್ ಬರುವುದಕ್ಕೆ ಒಂಬತ್ತು ವರ್ಷ ಮೊದಲು, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಅವರು ತಂಬೂರಿ ಮತ್ತು ವೀಣೆಯ ತಂತಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ತಂತಿಯನ್ನು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಮೀಟಿದರೆ ಕೆಲವು ಮೇಲುಸ್ವರಗಳು ಹುಟ್ಟಲೇಬಾರದು ಎಂಬುದು ಯುರೋಪಿನ ವಿಜ್ಞಾನಿಗಳು ಕಂಡುಕೊಂಡಿದ್ದ ನಿಯಮ. ನಮ್ಮ ವಾದ್ಯಗಳಲ್ಲಿ ಆ ಸ್ವರಗಳು ಹುಟ್ಟುವುದಷ್ಟೇ ಅಲ್ಲ, ಗಟ್ಟಿಯಾಗಿಯೇ ಕೇಳುತ್ತವೆ ಎಂದು ರಾಮನ್ ತೋರಿಸಿದರು. ಕಾರಣ ಕುದುರೆ, ಅಂದರೆ ತಂತಿಗಳು ಹಾದುಹೋಗುವ ಆಧಾರ. ಪಿಟೀಲಿನ ಕುದುರೆಯ ಅಂಚು ಚೂಪು. ವೀಣೆಯ ಕುದುರೆ ಅಗಲವಾದ ಲೋಹದ ತಗಡು, ಮೇಲ್ಮೈ ಕೊಂಚ ಉಬ್ಬು. ಅಲುಗುವ ತಂತಿ ಆ ಉಬ್ಬಿಗೆ ತಾಗುತ್ತ, ಬಿಡುತ್ತ ಇರುವುದರಿಂದ ಮೇಲುಸ್ವರಗಳು ಮತ್ತೆ ಮತ್ತೆ ಹುಟ್ಟಿಕೊಳ್ಳುತ್ತವೆ. ತಂಬೂರಿಗೆ ನಾವು ಜೀವಾಳದ ನೂಲು ಇಟ್ಟು ಮಾಡುವುದೂ ಇದೇ ಕೆಲಸ. ರಾಮನ್ ಅವರ ಪತ್ನಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಈ ತುಂಬುನಾದವನ್ನು ಮೈಸೂರಿನವರು ತಮ್ಮದೇ ರೀತಿಯಲ್ಲಿ ಬಳಸಿಕೊಂಡರು. ತಂಜಾವೂರಿನ ಬಾನಿ, ಅಂದರೆ ನುಡಿಸುವ ಶೈಲಿ, ಹಾಡುಗಾರಿಕೆಗೆ ಹತ್ತಿರ. ಸ್ವರವನ್ನು ತೂಗಿ ಬಳುಕಿಸುವ ಗಮಕ ದಟ್ಟ, ಎಳೆತ ಹೆಚ್ಚು. ಮೈಸೂರು ಬಾನಿಯಲ್ಲಿ ಮೀಟಿಗೆ ಮರ್ಯಾದೆ ಹೆಚ್ಚು. ಪ್ರತಿ ಸ್ವರ ಬಿಡಿಬಿಡಿಯಾಗಿ, ಶುಚಿಯಾಗಿ ನಿಲ್ಲುತ್ತದೆ, ಗಮಕ ಬೇಕಾದಲ್ಲಿ ಬೇಕಾದಷ್ಟೇ. ವೀಣೆ ಶೇಷಣ್ಣನವರು (1852–1926) ಮೈಸೂರಿನ ಆಸ್ಥಾನದಲ್ಲಿ ಈ ಬಾನಿಗೆ ರೂಪ ಕೊಟ್ಟವರಲ್ಲಿ ಪ್ರಮುಖರು. ಅವರ ಶಿಷ್ಯರು ವೆಂಕಟಗಿರಿಯಪ್ಪನವರು. ವೆಂಕಟಗಿರಿಯಪ್ಪನವರ ಶಿಷ್ಯರು, ಹಾಸನ ಜಿಲ್ಲೆಯಿಂದ ಬಂದ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997).

ದೊರೆಸ್ವಾಮಿ ಅಯ್ಯಂಗಾರ್ಯರ ವಾದನ ನನಗೆ ಈ ವಿಷಯದಲ್ಲಿ ಕೊನೆಯ ಮಾತು. ಬೆಂಗಳೂರು ಆಕಾಶವಾಣಿಯಲ್ಲಿ ದೀರ್ಘಕಾಲ ಕೆಲಸ ಮಾಡಿದವರು; 1984ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಪಡೆದವರು. ಅವರ ಕೈಯಲ್ಲಿ ಅವಸರವೆಂಬುದೇ ಇರಲಿಲ್ಲ. ಒಂದು ಸ್ವರ ಮೀಟಿ, ಅದು ತನ್ನ ಆಯುಸ್ಸು ಮುಗಿಸುವವರೆಗೆ ಬಿಟ್ಟು, ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಎರಡು ಸಂಚಾರಗಳ ನಡುವೆ ಕಿರುಬೆರಳಿನಿಂದ ತಾಳದ ತಂತಿಗಳನ್ನು ಒಮ್ಮೆ ಸವರುತ್ತಾರೆ, ಅಷ್ಟೇ. ಕೇಳುಗರನ್ನು ಬೆರಗುಗೊಳಿಸಬೇಕೆಂಬ ಆಸೆ ಅಲ್ಲಿ ಎಲ್ಲೂ ಕಾಣುವುದಿಲ್ಲ. ಅಷ್ಟು ವಿದ್ವತ್ತು ಇಟ್ಟುಕೊಂಡು ಅಷ್ಟು ಕಡಿಮೆ ಮಾತಾಡುವುದು ದೊಡ್ಡ ಸಂಯಮ.

ಅವರ ಧ್ವನಿಮುದ್ರಣ ಸಿಕ್ಕರೆ ಮೊದಲು ತಾನವನ್ನು ಕೇಳಿ. ತಾನದಲ್ಲಿ ಲಯವಿದೆ, ತಾಳವಿಲ್ಲ. ನಾಡಿ ಬಡಿದಂತೆ ಒಂದು ನಡಿಗೆ ಇರುತ್ತದೆ, ಆದರೆ ಎಣಿಸಬೇಕಾದ ಆವರ್ತವಿಲ್ಲ, ಸಮಕ್ಕೆ ಕಾಯಬೇಕಾದ ಆತಂಕವಿಲ್ಲ. ಸಂಗೀತ ಕಲಿತವರಿಗೂ ಕಲಿಯದವರಿಗೂ ಇಲ್ಲಿ ಒಂದೇ ನೆಲ. ಹಾಡುಗಾರಿಕೆಯಲ್ಲಿಯೂ ತಾನವಿದೆ, ನಿಜ. ಆದರೆ ಮೀಟಿಗೂ ತಾಳದ ತಂತಿಗೂ ನಡೆಯುವ ಸಂಭಾಷಣೆ ವೀಣೆಯಲ್ಲಿ ಮಾತ್ರ ಸಿಗುವಂಥದ್ದು, ಹಾಗಾಗಿ ತಾನ ವೀಣೆಯದೇ ಸೊತ್ತು ಎಂದು ನನ್ನ ಅಭಿಪ್ರಾಯ.

ರಾಗಗಳ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ನಾಟ, ಆರಭಿಗಳನ್ನು ಬೆಳಗಿನ ಹುರುಪಿಗೆ ಇಡಿ. ದಣಿದ ಸಂಜೆಗೆ ಸಹಾನ, ಆನಂದಭೈರವಿ, ಯದುಕುಲಕಾಂಬೋಧಿ. ಮಲಗುವ ಮುನ್ನ ನೀಲಾಂಬರಿ. ಲಾಲಿಹಾಡಿನ ರಾಗವೆಂದು ಅದು ಹೆಸರಾದದ್ದು ಸುಮ್ಮನೆ ಅಲ್ಲ. ಕೃತಿ ಬೇಕಾದವರು ಮುತ್ತುಸ್ವಾಮಿ ದೀಕ್ಷಿತರ ಕಡೆ ಹೋಗಿ. ಸ್ವತಃ ವೈಣಿಕರಾಗಿದ್ದ ದೀಕ್ಷಿತರ ಚೌಕ ಕಾಲದ ರಚನೆಗಳು ವೀಣೆಯ ಮೇಲೆಯೇ ಹುಟ್ಟಿದವೇನೋ ಅನ್ನಿಸುತ್ತವೆ. ನಾಗಪಟ್ಟಣದ ದೇವಿಯ ಮೇಲೆ ಅವರು ರಚಿಸಿದ ‘ಅಂಬ ನೀಲಾಯತಾಕ್ಷಿ’ ನೀಲಾಂಬರಿಯಲ್ಲಿಯೇ ಇದೆ. ಅದನ್ನು ವಿಳಂಬದಲ್ಲಿ ನುಡಿಸಲು ಧೈರ್ಯವಿರುವ ವೈಣಿಕರನ್ನು ಹುಡುಕಿ ಕೇಳಿ.

ಈ ನೆಮ್ಮದಿಗೆ ದೇಹದ ಸಾಕ್ಷಿಯೂ ಇದೆ. ಇಟಲಿಯ ಪಾವಿಯಾದ ವೈದ್ಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ‘ಹಾರ್ಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಗೀತ ಬಲ್ಲ 12 ಮಂದಿ, ಬಾರದ 12 ಮಂದಿ. ಅವರಿಗೆ ಆರು ಬಗೆಯ ಸಂಗೀತ ಕೇಳಿಸಿ ಉಸಿರಾಟ, ಎದೆಬಡಿತ, ರಕ್ತದೊತ್ತಡ ಅಳೆದರು. ಆ ಆರರಲ್ಲಿ ನಮ್ಮ ರಾಗಸಂಗೀತವೂ ಒಂದು. ವೇಗದ ಸಂಗೀತಕ್ಕೆ ಉಸಿರು, ಎದೆಬಡಿತ ಏರಿದವು. ಅಷ್ಟನ್ನು ಯಾರಾದರೂ ಊಹಿಸಬಹುದಿತ್ತು. ಆದರೆ ನಡುವೆ ಎರಡು ನಿಮಿಷ ಏನನ್ನೂ ನುಡಿಸದೆ ಬಿಟ್ಟಿದ್ದರಲ್ಲ, ಆ ಮೌನದಲ್ಲಿ ಅವು ಸಂಗೀತ ಶುರುವಾಗುವ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿದವು. ಸಂಗೀತದ ನಡುವಿನ ಬಿಡುವೇ ಹೆಚ್ಚು ವಿಶ್ರಾಂತಿ ಕೊಟ್ಟಿತು. ಪ್ರತಿ ಮೀಟಿನ ಕೊನೆಗೂ ಇಂಥದೊಂದು ಪುಟ್ಟ ಬಿಡುವು ಇಟ್ಟಿರುವ ವಾದ್ಯ ವೀಣೆ. ಫೋನಿನ ಆ ನಿಲ್ಲದ ಹರಿವಿನಲ್ಲಿ ಇಲ್ಲದಿರುವುದೂ ಇದೇ.

ಹಾಗಾಗಿಯೇ ಕಾಂಟ್ಯಾಕ್ಟ್ ಮೈಕಿನ ಬಗ್ಗೆ ನನಗೆ ತಕರಾರು. ದೊಡ್ಡ ಸಭಾಂಗಣದಲ್ಲಿ, ಮೃದಂಗ ಘಟಗಳ ನಡುವೆ, ವೀಣೆ ಕೇಳಿಸಬೇಕಾದರೆ ಅದು ಬೇಕು. ವೈಣಿಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮರದ ಮೈಗೆ ಅಂಟಿಕೊಂಡ ಆ ಮೈಕು ಕಂಪನವನ್ನು ನೇರವಾಗಿ ಹೀರಿ ಹಿಗ್ಗಿಸುತ್ತದೆ. ಕರಗಬೇಕಾದ ನಾದ ಕರಗದೆ ಉದ್ದಕ್ಕೆ ನಿಲ್ಲುತ್ತದೆ. ಹಲಸಿನ ಮರದ ಕೊಡದೊಳಗೆ ತಿರುಗಿ ಹೊರಬರುವ ಗಾಳಿಯ ಬಿಸುಪು ಹೋಗಿ, ಗಾಜಿನಂಥ ಒಂದು ಹೊಳಪು ಬರುತ್ತದೆ. ಕೆಲವು ತಿಂಗಳ ಹಿಂದೆ ನಗರದ ಒಂದು ಸಭೆಯಲ್ಲಿ ಹಿರಿಯ ವಿದುಷಿಯೊಬ್ಬರು ಸೊಗಸಾದ ಆನಂದಭೈರವಿ ನುಡಿಸುತ್ತಿದ್ದರು. ಧ್ವನಿವರ್ಧಕ ನೋಡಿಕೊಳ್ಳುತ್ತಿದ್ದವರು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸದ್ದು ಏರಿಸುತ್ತಲೇ ಹೋದರು. ಕೊನೆಗೆ ಬೆರಳು ತಂತಿಯ ಮೇಲೆ ಜಾರುವ ಕರಕರವೇ ರಾಗಕ್ಕಿಂತ ಮುಂದೆ ಬಂತು. ಎದುರಿಗೆ ಕುಳಿತಿದ್ದವರು ನೂರು ಮಂದಿಯೂ ಇರಲಿಲ್ಲ. ಆ ಕೋಣೆಗೆ ಮೈಕೇ ಬೇಕಿರಲಿಲ್ಲ.

ಮನೆಯಲ್ಲಿ ಕೇಳುವವರಿಗೂ ಇದನ್ನೇ ಹೇಳುತ್ತೇನೆ. ಇಯರ್‌ಫೋನ್ ಬೇಡ, ಕಿವಿಯೊಳಗೇ ತಂದು ಸುರಿದರೆ ಕಿವಿ ಚಾಚುವ ಕೆಲಸ ಉಳಿಯುವುದಿಲ್ಲ. ಫ್ಯಾನ್ ನಿಲ್ಲಿಸಿ. ಸ್ಪೀಕರಿನ ದನಿಯನ್ನು ಇದು ಸಾಲದು ಅನ್ನಿಸುವಷ್ಟು ತಗ್ಗಿಸಿ. ಮೊದಲ ಎರಡು ಮೂರು ನಿಮಿಷ ನಿಜಕ್ಕೂ ಸಾಲದು ಅನ್ನಿಸುತ್ತದೆ, ಬೀದಿಯ ಹಾರ್ನ್, ಪಕ್ಕದ ಮನೆಯ ಕುಕ್ಕರ್ ಎಲ್ಲ ಅಡ್ಡ ಬರುತ್ತವೆ. ಆಮೇಲೆ ಕಿವಿ ಹದಕ್ಕೆ ಬರುತ್ತದೆ. ಇಪ್ಪತ್ತು ನಿಮಿಷ ಸಾಕು. ಕೇಳುತ್ತ ಫೋನು ನೋಡುವುದಾದರೆ ಕೇಳದಿರುವುದೇ ಲೇಸು.

ಇನ್ನು ನನ್ನದೊಂದು ಬೇಡಿಕೆ. ಮೈಸೂರು, ಬೆಂಗಳೂರುಗಳ ಎಷ್ಟೋ ಮನೆಗಳಲ್ಲಿ ಅಜ್ಜಿಯದೋ ಅತ್ತೆಯದೋ ಒಂದು ವೀಣೆ ಗವಸು ಹಾಕಿಕೊಂಡು ಮೂಲೆಯಲ್ಲಿ ಕೂತಿದೆ. ಬಹಳ ಸಲ ಅದಕ್ಕೆ ಆಗಿರುವುದು ಇಷ್ಟೇ: ಬಿಸಿಲಿಗೆ ಮೇಣ ಸಡಿಲವಾಗಿ 24 ಮೆಟ್ಟಿಲುಗಳು ಜಾಗ ತಪ್ಪಿರುತ್ತವೆ, ತಂತಿ ತುಕ್ಕು ಹಿಡಿದಿರುತ್ತದೆ. ಬಲ್ಲವರಿಂದ ಹೊಸದಾಗಿ ಮೇಳ ಕಟ್ಟಿಸಿ, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಕೂರಿಸಿ, ತಂತಿ ಹಾಕಿಸಿದರೆ ಅದು ಮತ್ತೆ ನುಡಿಯುತ್ತದೆ. ಆ ಕೆಲಸ ಬಲ್ಲವರು ಇನ್ನೂ ಇದ್ದಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುವ ಕುಟುಂಬಗಳಿವೆ. ನಿಮಗೆ ನುಡಿಸಲು ಬಾರದಿದ್ದರೆ ನಿಮ್ಮ ಬಡಾವಣೆಯಲ್ಲಿ ಕಲಿಯುತ್ತಿರುವ ಹುಡುಗಿಯನ್ನೋ ಹುಡುಗನನ್ನೋ ಕರೆಯಿರಿ. ನಡುಮನೆಯಲ್ಲಿ ಜಮಖಾನ ಹಾಸಿ, ನಾಲ್ಕು ಜನರನ್ನು ಕೂರಿಸಿ, ಮೈಕಿಲ್ಲದೆ ನುಡಿಸಲು ಹೇಳಿ.