ಅಳಿಸಿದ ಕೋಡ್‌ಗೂ ಒಂದು ವಿಮರ್ಶೆ

ಪುಸ್ತಕಕ್ಕೆ, ಸಿನಿಮಾಕ್ಕೆ ವಿಮರ್ಶೆ ಬರೀತಾರೆ. ನಾನಿವತ್ತು ಬರೀತಿರೋದು ಒಂದು ಫಂಕ್ಷನ್ ಬಗ್ಗೆ, ಅದೂ ಈಗ ಇಲ್ಲದ ಫಂಕ್ಷನ್ ಬಗ್ಗೆ. ಲಿನಕ್ಸ್ ಕರ್ನಲ್‌ನಲ್ಲಿದ್ದ ಇದರ ಹೆಸರು ಸೆಟ್_ಎಫ್‌ಎಸ್.

ಎಫ್‌ಎಸ್ ಅನ್ನೋದು ಇಂಟೆಲ್ 80386 ಚಿಪ್‌ನ ಒಂದು ಸೆಗ್ಮೆಂಟ್ ರಿಜಿಸ್ಟರ್. ಲಿನಕ್ಸ್‌ನ ಮೊದಲ ದಿನಗಳಲ್ಲಿ, ಕರ್ನಲ್ ಓಡುವಾಗ ಇದು ಬಳಕೆದಾರನ ಪ್ರೋಗ್ರಾಮಿನ ಮೆಮೊರಿಯನ್ನು ತೋರಿಸುತ್ತಿತ್ತು. ಸಿಸ್ಟಮ್ ಕಾಲ್‌ಗಳು ಬಳಕೆದಾರನ ವಿಳಾಸವನ್ನೇ ನಿರೀಕ್ಷಿಸುತ್ತವೆ. ಕರ್ನಲ್ ತನ್ನದೇ ಬಫರ್ ಕೊಟ್ಟು ಅದೇ ಕೋಡನ್ನು ಕರೆಯಬೇಕಾದರೆ, ರಿಜಿಸ್ಟರನ್ನು ಸ್ವಲ್ಪ ಹೊತ್ತು ತನ್ನ ಕಡೆ ತಿರುಗಿಸಿ, ಆಮೇಲೆ ಮೊದಲಿನಂತೆ ಇಡಬೇಕಿತ್ತು. ಆ ಕಾಲಕ್ಕೆ ಜಾಣ ಉಪಾಯವೇ.

2.1 ಸರಣಿಯಲ್ಲಿ ಈ ರಿಜಿಸ್ಟರ್ ಆಟ ನಿಂತಿತು. ಅದರ ಜಾಗಕ್ಕೆ, ವಿಳಾಸ ಎಲ್ಲಿಯವರೆಗೆ ಹೋಗಬಹುದು ಅನ್ನೋ ಒಂದು ಮಿತಿ ಬಂತು. ಹೆಸರು ಮಾತ್ರ ಹಾಗೇ ಉಳೀತು. ಸೆಗ್ಮೆಂಟೇ ಮುಟ್ಟದ ಫಂಕ್ಷನ್‌ಗೆ ಸೆಗ್ಮೆಂಟಿನ ಹೆಸರು!

ಆದರೆ ನನ್ನ ತಕರಾರು ಹೆಸರಿನದ್ದಷ್ಟೇ ಅಲ್ಲ. ಮಿತಿಯನ್ನು ಸಡಿಲಿಸಿದ ಮೇಲೆ ಮತ್ತೆ ಬಿಗಿ ಮಾಡದೇ ಹೋದರೆ? 2010ರಲ್ಲಿ ಬಯಲಾದ ಸಿವಿಇ-2010-4258 ಇದಕ್ಕೆ ಉತ್ತರ. ಮಿತಿ ಸಡಿಲವಾಗಿದ್ದಾಗಲೇ ಕರ್ನಲ್ ಎಡವಿದರೆ, ಪ್ರೋಸೆಸ್ ಅದೇ ಸ್ಥಿತಿಯಲ್ಲಿ ಮುಕ್ತಾಯದ ಹಾದಿ ಹಿಡೀತಿತ್ತು. ಆ ಹಾದಿಯಲ್ಲಿ ಬಳಕೆದಾರ ಕೊಟ್ಟ ವಿಳಾಸಕ್ಕೆ ಒಂದು ಸೊನ್ನೆ ಬರೆಯುವ ಕೆಲಸ ಇತ್ತು. ಅದು ಕರ್ನಲ್‌ನ ವಿಳಾಸವಾಗಿದ್ದರೂ ತಡೆಯೋರಿಲ್ಲ. ಬೇರೆ ಬಗ್‌ಗಳ ಜೊತೆ ಸೇರಿಸಿದರೆ ಸಾಮಾನ್ಯ ಬಳಕೆದಾರ ರೂಟ್ ಆಗಬಹುದಿತ್ತು.

ಕ್ರಿಸ್ಟೋಫ್ ಹೆಲ್ವಿಗ್ ಅವರ ಕೆಲಸದಿಂದ 2020ರ 5.10 ಆವೃತ್ತಿಯಲ್ಲಿ ಎಕ್ಸ್86 ಇದರಿಂದ ಪಾರಾಯಿತು. 2022ರ 5.18ರಲ್ಲಿ ಫಂಕ್ಷನ್ ಪೂರ್ತಿ ಹೋಯಿತು. ಪರಿಹಾರದಲ್ಲಿ ಯಾವ ಚಮತ್ಕಾರವೂ ಇಲ್ಲ: ಕರ್ನಲ್ ಬಫರ್‌ಗೆ ಕರ್ನಲ್_ರೀಡ್ ಥರದ ಬೇರೆ ಫಂಕ್ಷನ್. ಮೆಮೊರಿ ಯಾರದ್ದು ಅನ್ನೋದು ಎಲ್ಲೋ ಅಡಗಿದ್ದ ಸ್ಥಿತಿಯಲ್ಲಿತ್ತು, ಈಗ ಕರೆಯುವ ಸಾಲಿನಲ್ಲೇ ಕಾಣುತ್ತೆ. ಸರಳಗೊಳಿಸೋದು ಅಂದರೆ ಸಾಲು ಕಡಿಮೆ ಮಾಡೋದಲ್ಲ, ನೆನಪಿಟ್ಟುಕೊಳ್ಳಬೇಕಾದ್ದನ್ನು ಕಡಿಮೆ ಮಾಡೋದು ಅಂತ ನನಗೆ ಅರ್ಥವಾಗಿದ್ದು ಇಲ್ಲೇ.

ಮೆಚ್ಚುಗೆ ಇದೆ, ಸಿಟ್ಟೂ ಇದೆ. ಅಪಾಯ ಗೊತ್ತಾದ ಮೇಲೂ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತಲ್ಲ! ಆದರೆ ಸಿಟ್ಟು ಮಾಡಿಕೊಳ್ಳೋಕೆ ನಾನ್ಯಾರು? ನಮ್ಮ ಟೀಮಿನ ಕೋಡಲ್ಲೂ "ಆನ್ ಮಾಡಿ, ಕೆಲಸ ಮುಗಿಸಿ, ಆಫ್ ಮಾಡಿ" ಅನ್ನೋ ಗ್ಲೋಬಲ್ ಫ್ಲಾಗ್ ಒಂದಿದೆ. ರಿವ್ಯೂನಲ್ಲಿ ಎರಡು ಸಲ "ಆಮೇಲೆ ನೋಡೋಣ" ಅಂತ ಒಪ್ಪಿಗೆ ಕೊಟ್ಟವನು ನಾನೇ. ಸೋಮವಾರ ಅದನ್ನ ತೆಗೆಯೋಕೆ ಕೂರ್ತೀನಿ.