ಸಾಲ ತಂದ ರೂಪ: ಋತುಪರ್ಣ ಘೋಷರ ಸಿನೆಮಾಗಳು

ನಮ್ಮ ಕಡೆ ಚಿತ್ರಾಂಗದೆ ಎಂದರೆ ಬಭ್ರುವಾಹನನ ತಾಯಿ. ಆಟದಲ್ಲಾಗಲಿ ತಾಳಮದ್ದಳೆಯಲ್ಲಾಗಲಿ ಅವಳಿಗೆ ಮಗನಿಗೆ ಬುದ್ಧಿ ಹೇಳುವುದು, ಗಂಡ ಬಿದ್ದ ಸುದ್ದಿ ಕೇಳಿ ಅಳುವುದು, ಇಷ್ಟೇ ಕೆಲಸ. ಬಂಗಾಳದವರ ಚಿತ್ರಾಂಗದೆ ಬೇರೆ. ರವೀಂದ್ರನಾಥ ಠಾಕೂರರು 1892ರಲ್ಲಿ ನಾಟಕವಾಗಿ, 1936ರಲ್ಲಿ ನೃತ್ಯನಾಟಕವಾಗಿ ಬರೆದ ಚಿತ್ರಾಂಗದೆ ಗಂಡುಮಗನ ಹಾಗೆ ಬೆಳೆದ ರಾಜಕುಮಾರಿ, ಬಿಲ್ಲು ಹಿಡಿದು ಕಾಡು ತಿರುಗುವವಳು. ಅರ್ಜುನನ ಮೇಲೆ ಮನಸ್ಸಾದಾಗ ಮದನನನ್ನು ಬೇಡಿ ಒಂದು ವರ್ಷದ ಮಟ್ಟಿಗೆ ಚೆಲುವನ್ನು ತರುತ್ತಾಳೆ. ಅರ್ಜುನ ಒಲಿಯುತ್ತಾನೆ. ಆದರೆ ಒಲಿದದ್ದು ತನಗೋ, ಸಾಲ ತಂದ ರೂಪಕ್ಕೋ? ಅಲ್ಲಿಂದ ಅವಳ ಸಂಕಟ ಶುರು.

ಈ ಕತೆಯನ್ನು ಇಟ್ಟುಕೊಂಡು 2012ರಲ್ಲಿ ‘ಚಿತ್ರಾಂಗದಾ’ ಎಂಬ ಸಿನೆಮಾ ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ಮಾಡಿದವರು ಋತುಪರ್ಣ ಘೋಷ್. (ಹೆಸರು ಕೇಳಿ ನಳನ ಕತೆ ನೆನಪಾದರೆ ಸರಿಯೇ. ರೂಪಗೆಟ್ಟ ಬಾಹುಕನಿಗೆ ಆಶ್ರಯ ಕೊಟ್ಟ ಅರಸನ ಹೆಸರೂ ಅದೇ.) 1963ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ಜಾಹೀರಾತು ಕಂಪೆನಿಯಿಂದ ಸಿನೆಮಾಕ್ಕೆ ಬಂದರು. 2013ರ ಮೇ 30ರಂದು, ಐವತ್ತು ತುಂಬುವ ಮೊದಲೇ ತೀರಿಹೋದರು. ತನಗೆ ಗಂಡಸರ ಮೇಲೆಯೇ ಪ್ರೀತಿ ಎಂಬುದನ್ನು ಅವರು ಅಡಗಿಸಲಿಲ್ಲ. ಕೊನೆಯ ವರ್ಷಗಳಲ್ಲಿ ಕಣ್ಣಿಗೆ ಕಾಡಿಗೆ ಹಚ್ಚಿ, ಒಡವೆ ತೊಟ್ಟು, ತಲೆಗೆ ರುಮಾಲು ಸುತ್ತಿ ಸಭೆಗಳಿಗೆ ಬರುತ್ತಿದ್ದರು.

ಅವರ ಬಗ್ಗೆ ಮಾತಾಡುವ ಹೆಚ್ಚಿನವರು ಅವರನ್ನು ಎರಡು ತುಂಡು ಮಾಡುತ್ತಾರೆ. ಮೊದಲನೆಯದು ಹೆಂಗಸರ ಕಷ್ಟಸುಖ ಬಲ್ಲ, ಸಂಸಾರ ಸಮೇತ ನೋಡಬಹುದಾದ ಸಿನೆಮಾ ಮಾಡಿದ ಋತುಪರ್ಣ. ಎರಡನೆಯದು ಕೊನೆಗೆ ‘ಸ್ವಂತ ವಿಷಯ’ ತಂದು ಎಲ್ಲವನ್ನೂ ಹಾಳುಮಾಡಿದ ಋತುಪರ್ಣ. ನನಗೆ ಈ ಲೆಕ್ಕ ಒಪ್ಪಿಗೆ ಇಲ್ಲ. ಮೊದಲಿಂದ ಕೊನೆವರೆಗೆ ಅವರು ಕೇಳಿದ್ದು ಚಿತ್ರಾಂಗದೆಯ ಪ್ರಶ್ನೆಯನ್ನೇ.

‘ರೈನ್‌ಕೋಟ್’ ನೋಡಿ. 2004ರ ಹಿಂದಿ ಸಿನೆಮಾ, ಓ. ಹೆನ್ರಿಯ ಒಂದು ಸಣ್ಣಕತೆಯ ಎಳೆ ಹಿಡಿದದ್ದು. ಕೆಲಸ ಕಳಕೊಂಡ ಮನೋಜ್ ಹಣ ಕೇಳಲು ಕಲ್ಕತ್ತೆಗೆ ಬಂದು, ಮಳೆಯ ಒಂದು ಮಧ್ಯಾಹ್ನ ಹಳೆಯ ಗೆಳತಿ ನೀರೂಳ ಮನೆಗೆ ಹೋಗುತ್ತಾನೆ. ಮೈಮೇಲಿನ ರೈನ್‌ಕೋಟ್ ಯಾರದ್ದೋ. ತಾನು ದೊಡ್ಡ ವ್ಯಾಪಾರಿ ಎಂದು ಇವನು, ತನ್ನ ಗಂಡ ಶ್ರೀಮಂತ ಎಂದು ಅವಳು. ಇಬ್ಬರ ಮಾತೂ ಸುಳ್ಳು. ಆ ಸುಳ್ಳಿನ ಒಳಗೇ ಒಬ್ಬರಿಗೊಬ್ಬರು ಗುಟ್ಟಾಗಿ ಕೊಡುವುದೂ ನಡೆಯುತ್ತದೆ. ಕತೆಯ ಕೊನೆ ನಾನು ಹೇಳುವುದಿಲ್ಲ.

ನನ್ನ ಮಟ್ಟಿಗೆ ಅವರ ಅತ್ಯುತ್ತಮ ಸಿನೆಮಾ ‘ಬಾರಿವಾಲಿ’, ಎಂದರೆ ಮನೆಯೊಡತಿ. ಮದುವೆಯ ಮುಂಚಿನ ದಿನ ವರ ಹಾವು ಕಚ್ಚಿ ಸತ್ತು, ಒಂಟಿಯಾಗಿ ಪ್ರಾಯ ಸಂದ ಬನಲತಾ ದೊಡ್ಡ ಹಳೇ ಮನೆಯಲ್ಲಿ ಆಳುಗಳ ಜೊತೆ ಇದ್ದಾಳೆ. ಶೂಟಿಂಗಿಗೆ ಮನೆ ಬಾಡಿಗೆಗೆ ಬೇಕೆಂದು ಸಿನೆಮಾದವರು ಬರುತ್ತಾರೆ. ನಿರ್ದೇಶಕ ನಯವಾಗಿ ಮಾತಾಡುವವನು. ಅವಳಿಗೆ ಒಂದು ಸಣ್ಣ ಪಾತ್ರವನ್ನೂ ಕೊಡುತ್ತಾನೆ. ಎಷ್ಟೋ ವರ್ಷದ ಮೇಲೆ ಒಬ್ಬ ಗಂಡಸು ತನ್ನನ್ನು ಕಣ್ಣಿಟ್ಟು ನೋಡಿದ ಎಂದು ಅವಳು ಅರಳುತ್ತಾಳೆ. ಶೂಟಿಂಗ್ ಮುಗಿಯಿತು, ಎಲ್ಲರೂ ಹೊರಟರು. ಅವಳ ಕಾಗದಗಳಿಗೆ ಉತ್ತರ ಇಲ್ಲ. ಅವಳು ಅಭಿನಯಿಸಿದ ದೃಶ್ಯವೂ ಕತ್ತರಿಗೆ ಹೋಯಿತು. ಆ ತಂಡ ತೆಗೆಯುತ್ತಿದ್ದದ್ದು ಠಾಕೂರರ ‘ಚೋಖೇರ್ ಬಾಲಿ’. 2003ರಲ್ಲಿ ಅದನ್ನೇ ಋತುಪರ್ಣರು ನಿಜವಾಗಿ ಸಿನೆಮಾ ಮಾಡಿದರು! ಅಂದರೆ ಆ ನಯವಂಚಕ ನಿರ್ದೇಶಕನ ಜಾಗದಲ್ಲಿ ತನ್ನನ್ನೇ ನಿಲ್ಲಿಸಿ ನೋಡಿದ್ದಾರೆ. ಪರರ ನೋವನ್ನು ಕತೆಗೆ ಬಳಸಿ ಎದ್ದುಹೋಗುವ ನಾವು ಬರೆಯುವವರಿಗೂ ಅದರಲ್ಲಿ ಪಾಲು ಉಂಟು. ಇದರಲ್ಲಿ ‘ಆ ವಿಷಯ’ ಎಲ್ಲಿಯೂ ಇಲ್ಲ. ಆದರೆ ಮದುವೆಯ ಚಪ್ಪರದ ಹೊರಗೆ ಉಳಿದವರ ಆಸೆಯನ್ನು ನಗೆಪಾಟಲು ಮಾಡದೆ ತೋರಿಸಲು, ತಾನೂ ಹೊರಗೆ ನಿಂತು ಗೊತ್ತಿದ್ದವರಿಗೇ ಸುಲಭ ಎಂದು ನನಗೆ ಕಾಣುತ್ತದೆ.

ನಗೆಪಾಟಲು ಎಂದೆ. ಬಂಗಾಳಿ ಟಿವಿಯಲ್ಲಿ ಹೆಸರುವಾಸಿ ಹಾಸ್ಯಗಾರರೊಬ್ಬರು ಋತುಪರ್ಣರ ನಡೆನುಡಿಯನ್ನು ಅಣಕಿಸಿ ಜನರನ್ನು ನಗಿಸುತ್ತಿದ್ದರು. ಋತುಪರ್ಣರು ಅವರನ್ನು ತನ್ನದೇ ಟಿವಿ ಕಾರ್ಯಕ್ರಮಕ್ಕೆ ಕರೆದು ಎದುರಿಗೆ ಕೂರಿಸಿ ಕೇಳಿದರು. ನನಗೆ ಬೇಜಾರಾಯಿತು ಎಂದಲ್ಲ. ನೀವು ಅಣಕಿಸುವುದು ನನ್ನೊಬ್ಬನನ್ನೋ, ಹೆಣ್ಣಿನಂಥ ನಡೆ ಇರುವ ಎಲ್ಲ ಗಂಡಸರನ್ನೋ ಎಂಬುದೇ ಅವರ ಪ್ರಶ್ನೆಯ ಸಾರ. ಮಾಸ್ಟ್ರುಗಳು ಇದನ್ನು ಗಮನಿಸಬೇಕು. ನಮ್ಮ ಶಾಲೆಗಳ ವಾರ್ಷಿಕೋತ್ಸವದ ಪ್ರಹಸನಗಳಲ್ಲಿ ‘ಹೆಣ್ಣಿಗ’ನ ಪಾತ್ರ ಬಂದರೆ ಚಪ್ಪಾಳೆ ಗ್ಯಾರಂಟಿ. ಆ ಚಪ್ಪಾಳೆಯ ನಡುವೆ ಏಳನೇ ಕ್ಲಾಸಿನ ಬೆಂಚಿನಲ್ಲಿ ಯಾವ ಹುಡುಗ ತಲೆ ತಗ್ಗಿಸಿದ್ದಾನೆಂದು ಯಾರು ನೋಡುತ್ತಾರೆ?

2010ರ ‘ಆರೇಕ್ಟಿ ಪ್ರೇಮೇರ್ ಗಲ್ಪೋ’ ಇದೇ ನೋವಿನದ್ದು. ನಿರ್ದೇಶನ ಕೌಶಿಕ್ ಗಂಗೂಲಿಯವರದ್ದು, ಋತುಪರ್ಣರದ್ದು ಅಭಿನಯ. ಜಾತ್ರಾ ಎಂಬ ಬಂಗಾಳದ ಜನಪದ ರಂಗದಲ್ಲಿ ರಾಣಿ ಪಾತ್ರಗಳಿಂದ ಹೆಸರಾಗಿ, ಹೆಂಗಸರೇ ರಂಗಕ್ಕೆ ಬಂದ ಮೇಲೆ ಮೂಲೆಗೆ ಬಿದ್ದ ಚಪಲ್ ಭಾದುರಿ ಅದರಲ್ಲಿ ತಾವೇ ಕಾಣಿಸಿಕೊಂಡಿದ್ದಾರೆ. ಹೆಣ್ಣುವೇಷ ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ದಮಯಂತಿಯಾಗಿ ನಮ್ಮನ್ನು ಅಳಿಸಿದವನನ್ನು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಂಡು ಮೊಣಕೈಯಿಂದ ತಿವಿದು ನಗುವವರು ನಾವೇ ಅಲ್ವಾ ಮಾರಾಯ್ರೆ.

ಇನ್ನು ‘ಚಿತ್ರಾಂಗದಾ’. ರುದ್ರ ನೃತ್ಯ ನಿರ್ದೇಶಕ, ಪಾರ್ಥ ಅವನ ತಂಡದ ವಾದ್ಯಗಾರ. ಇಬ್ಬರಿಗೂ ಒಂದು ಮಗು ಬೇಕು. ಇಬ್ಬರು ಗಂಡಸರು ದತ್ತು ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ. ಹಾಗಾದರೆ ನಾನೇ ಹೆಣ್ಣಾಗುತ್ತೇನೆ ಎಂದು ರುದ್ರ ಆಸ್ಪತ್ರೆ ಸೇರುತ್ತಾನೆ. ಪಾರ್ಥನಿಗೆ ಆ ಸಾಲದ ರೂಪ ಬೇಡ. ಸಿನೆಮಾದಲ್ಲಿ ದೋಷಗಳಿವೆ. ಮಾತು ಹೆಚ್ಚಾಯಿತು, ಆಸ್ಪತ್ರೆಯ ಸಂಭಾಷಣೆಗಳು ಕೆಲವೆಡೆ ಪಾಠದಂತಿವೆ, ಋತುಪರ್ಣರು ತನ್ನ ಮುಖವನ್ನು ತಾನೇ ಸ್ವಲ್ಪ ಹೆಚ್ಚು ನೋಡಿಕೊಂಡಿದ್ದಾರೆ. ಆದರೆ ಈ ದೇಹವನ್ನು ಹೆತ್ತವಳು ನಾನು, ಅದು ಬದಲಾಗುವುದಾದರೆ ನನಗೆ ತಿಳಿಯಬೇಡವೇ ಎಂಬ ಭಾವದಲ್ಲಿ ತಾಯಿ ಮಾತಾಡುವ ಜಾಗ ಇದೆಯಲ್ಲ, ಅಲ್ಲಿ ಬೈಗುಳ ಇಲ್ಲ, ಉಪದೇಶವೂ ಇಲ್ಲ. 1994ರ ‘ಉನಿಶೆ ಏಪ್ರಿಲ್’ನಲ್ಲಿ ತಾಯಿ ಮಗಳು ಒಂದು ರಾತ್ರಿಯಿಡೀ ಮಾತಾಡಿ ಒಬ್ಬರಿಗೊಬ್ಬರು ಕಂಡದ್ದೂ ಹೀಗೇ. ಹದಿನೆಂಟು ವರ್ಷದ ನಡುವೆ ಅದೇ ಕೈ ಬರೆದದ್ದೆಂದು ಗೊತ್ತಾಗುತ್ತದೆ.

2009ರಲ್ಲಿ ದೆಹಲಿ ಹೈಕೋರ್ಟು ಇಂಥ ಪ್ರೀತಿ ಅಪರಾಧವಲ್ಲ ಎಂದಿತ್ತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿ, 2018ರಲ್ಲಿ ತಾನೇ ಮತ್ತೆ ಅಪರಾಧವಲ್ಲ ಎಂದಿತು. ಈ ಎರಡನ್ನೂ ನೋಡಲು ಋತುಪರ್ಣರು ಇರಲಿಲ್ಲ.

ನೋಡುವವರಿಗೆ ಒಂದು ಮಾತು. ‘ಚಿತ್ರಾಂಗದಾ’ದಿಂದ ಶುರು ಮಾಡಬೇಡಿ. ಹಿಂದಿ ತಿಳಿಯುವವರು ‘ರೈನ್‌ಕೋಟ್’ ನೋಡಿ, ಮತ್ತೆ ‘ಬಾರಿವಾಲಿ’. ಬನಲತಾಳ ಪರಿಚಯ ಆದ ಮೇಲೆ ರುದ್ರನ ಆಸ್ಪತ್ರೆಯ ಕೋಣೆಗೆ ಹೋಗಿ.