ಯುದ್ಧೇತಿಹಾಸದಲ್ಲಿ ‘ಬಾಗ್ ಡೌನ್’: ಒಂದು ನುಡಿಗಟ್ಟಿನ ವಿಮರ್ಶೆ

ಇಂಗ್ಲಿಷಿನ ಯುದ್ಧೇತಿಹಾಸಗಳಲ್ಲಿ ‘ಬಾಗ್ ಡೌನ್’ ಎಂಬ ಆಡುನುಡಿಯ ಕ್ರಿಯಾಪದವು ಪದೇ ಪದೇ ಕಾಣಬರುತ್ತದೆ. ‘ಬಾಗ್’ ಎಂದರೆ ಹುದುಲು. ಮೆತ್ತನೆಯದು ಎಂಬ ಅರ್ಥದ ಗೇಲಿಕ್ ಶಬ್ದವೇ ಅದರ ಮೂಲ. ಹುದುಲಿನಲ್ಲಿ ಹೂತು ಮುಂದೆ ಸಾಗಲಾರದಂತಾಗುವುದು ಕ್ರಿಯಾಪದದ ಮೊದಲ ಅರ್ಥ. ಸಂಧಾನ, ವಿಚಾರಣೆಗಳು ಕುಂಠಿತವಾದಾಗಲೂ ಅದು ಸಲ್ಲುತ್ತದೆ. ನುಡಿಯಾಗಿ ಅದರಲ್ಲಿ ದೋಷವಿಲ್ಲ. ಚರಿತ್ರಕಾರನು ಅದನ್ನು ಕಾರಣದ ಸ್ಥಾನದಲ್ಲಿ ಕುಳ್ಳಿರಿಸಿದಾಗ ಮಾತ್ರ ನಾವು ಆಕ್ಷೇಪಿಸಬೇಕಾಗುತ್ತದೆ.

ಬೆಲ್ಜಿಯಮಿನಲ್ಲಿ ನಡೆದ ಮೂರನೆಯ ಈಪ್ರ್ ಕದನವನ್ನು ನೋಡೋಣ. 1917ರ ಜುಲೈ 31ರಂದು ಆರಂಭವಾದ ಬ್ರಿಟಿಷ್ ಆಕ್ರಮಣವು ‘ಕೆಸರಿನಲ್ಲಿ ಹೂತುಹೋಯಿತು’ ಎಂದು ಹೇಳಿ ಮುಗಿಸುವುದು ರೂಢಿ. ಆ ಕೆಸರು ಬಂದುದೆಲ್ಲಿಂದ? ಫ್ಲಾಂಡರ್ಸಿನದು ತಗ್ಗಾದ ಜೇಡಿನೆಲ. ನೀರನ್ನು ಬಸಿಯುವ ಕಾಲುವೆಗಳಿಂದಲೇ ಅದು ಬೇಸಾಯಕ್ಕೆ ಯೋಗ್ಯವಾಗಿತ್ತು. ದಾಳಿಗೆ ಮುನ್ನ ಬ್ರಿಟಿಷ್ ಫಿರಂಗಿಗಳು 40 ಲಕ್ಷಕ್ಕೂ ಮಿಕ್ಕ ಸಿಡಿಗುಂಡುಗಳನ್ನು ಸುರಿದು ಆ ಕಾಲುವೆಗಳನ್ನು ಹಾಳುಗೆಡವಿದವು. ಆಗಸ್ಟಿನಲ್ಲಿ ವಾಡಿಕೆ ಮೀರಿ ಮಳೆಯಾದಾಗ ನೀರಿಗೆ ಹರಿದುಹೋಗಲು ದಾರಿಯೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ನೆಲ ಒಣಗಿತು. ಪ್ಲೂಮರನ ಮಿತವಾದ ದಾಳಿಗಳು ಫಲಿಸಿದವು. ಅಕ್ಟೋಬರಿನಲ್ಲಿ ಮಳೆ ಮರಳಿ ಹಿಡಿದರೂ ದಂಡನಾಯಕ ಹೇಗನು ಕದನವನ್ನು ನವೆಂಬರ್ 10ರವರೆಗೆ ಮುಂದುವರಿಸಿದನು. ಉಭಯ ಪಕ್ಷಗಳಲ್ಲಿಯೂ ಸತ್ತವರು, ಗಾಯಗೊಂಡವರು ಲಕ್ಷಾಂತರ. ದಂಗೆಗಳಿಂದ ಫ್ರೆಂಚ್ ಸೇನೆ ದುರ್ಬಲವಾಗಿದ್ದುದರಿಂದ ಜರ್ಮನರನ್ನು ಇಲ್ಲಿ ತಡೆದಿಡುವುದು ಅಗತ್ಯವಾಗಿತ್ತೆಂಬ ಸಮರ್ಥನೆಯೂ ಉಂಟು. ಒಪ್ಪಲಿ, ಬಿಡಲಿ, ಅದು ಮನುಷ್ಯರು ಕೈಗೊಂಡ, ಚರ್ಚೆಗೆ ಅರ್ಹವಾದ ನಿರ್ಣಯ. ‘ಹೂತುಹೋಯಿತು’ ಎಂಬ ಮಾತು ಆ ಚರ್ಚೆಯನ್ನೇ ಮುಚ್ಚಿಬಿಡುತ್ತದೆ.

ಎರಡನೆಯ ಮಹಾಯುದ್ಧದಲ್ಲಿಯೂ ಇದೇ ನಡೆಯಿತು. 1941ರಲ್ಲಿ ಮಾಸ್ಕೋ ಕೈಗೆ ಸಿಕ್ಕದುದಕ್ಕೆ ಜರ್ಮನ್ ಸೇನಾನಿಗಳು ತಮ್ಮ ನೆನಪಿನ ಗ್ರಂಥಗಳಲ್ಲಿ ಅಕ್ಟೋಬರಿನ ಕೆಸರನ್ನೂ ಬಳಿಕದ ಹಿಮವನ್ನೂ ಹೊಣೆಮಾಡಿದರು. ರಷ್ಯದ ಕೆಸರುಗಾಲವೋ ಅನಿರೀಕ್ಷಿತವಲ್ಲ. ರಷ್ಯನ್ ಭಾಷೆಯಲ್ಲಿ ಅದಕ್ಕೆ ‘ರಸ್ಪೂತಿತ್ಸ’ ಎಂಬ ಹೆಸರೇ ಇದೆ. ಅದು ಕೆಂಪು ಸೇನೆಗೂ ಕೆಸರೇ ಆಗಿತ್ತು. ಹೊಣೆಯನ್ನು ಕೆಸರಿನ ಮೇಲೆ ಹೊರಿಸಿದೊಡನೆ ಜರ್ಮನರ ಸರಬರಾಜಿನ ಕೊರತೆಯೂ ಎದುರಾಳಿಯ ಪ್ರತಿರೋಧವೂ ಮರೆಗೆ ಸರಿದವು.

ಕನ್ನಡದಲ್ಲಿ ಚರಿತ್ರೆಯನ್ನು ಬೋಧಿಸುವ ನಾವು ‘ಸೇನೆ ಸಿಕ್ಕಿಕೊಂಡಿತು’ ಎಂದು ಬರೆಯಿಸಿ ಸುಮ್ಮನಾಗಬಾರದು, ‘ಸಿಕ್ಕಿಸಿದವರು ಯಾರು?’ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಯಲ್ಲಿ ಎಬ್ಬಿಸಬೇಕು. ಕರ್ಣನ ರಥದ ಗಾಲಿ ಹೂತುದನ್ನು ಹೇಳುವ ಮಹಾಭಾರತವು ಅದರ ಹಿಂದಿನ ಶಾಪವನ್ನೂ ಹೇಳದೆ ಬಿಡಲಿಲ್ಲ. ಕಾವ್ಯವು ತೋರಿದ ಈ ಎಚ್ಚರವನ್ನು ಚರಿತ್ರೆ ತೊರೆಯಲಾಗದು.